ಬಾಗಿಲ ಬಣ್ಣದೊಳಗಿನ ಸೀಸ

ಮಲೆ ಮಹದೇಶ್ವರನ ಬೆಟ್ಟದ ದಾರಿಯಲ್ಲಿರುವ ಕೌದಳ್ಳಿಯಲ್ಲಾಗಲಿ, ಸುತ್ತಲಿನ ಹನೂರು ಕೊಳ್ಳೇಗಾಲದ ಸೀಮೆಯಲ್ಲಾಗಲಿ, ಯುಗಾದಿಯ ಜಾತ್ರೆಯು ಸಮೀಪಿಸಿತೆಂದರೆ ಮನೆಗಳಿಗೆ ಸುಣ್ಣ ಬಣ್ಣಗಳ ಸಂಭ್ರಮವು ಮೊದಲಾಗುವುದು. ನೆಂಟರಿಷ್ಟರು ಬರುವ ಮೊದಲೇ ಮನೆಯು ಹಸನಾಗಿರಬೇಕೆಂಬ ಈ ಪದ್ಧತಿಯು ಶ್ಲಾಘ್ಯವಾದುದೇ. ಆದರೆ ಹಳೆಯ ಬಾಗಿಲನ್ನು ಉಪ್ಪುಕಾಗದದಿಂದ ಗರಗರನೆ ಉಜ್ಜಿ, ಉದುರಿದ ಧೂಳನ್ನು ಪೊರಕೆಯಿಂದ ಗುಡಿಸಿ, ಅದೇ ಪಡಸಾಲೆಯಲ್ಲಿ ಸಂಜೆಗೆ ಮಕ್ಕಳನ್ನು ಮಲಗಿಸುವ ರೂಢಿಯ ವಿಷಯದಲ್ಲಿ ನಾವು ಎರಡು ಮಾತುಗಳನ್ನಾಡದೆ ಇರಲಾರೆವು.

ಗೋಡೆಯ ಸುಣ್ಣದಲ್ಲಿ ಈ ಭಯವಿಲ್ಲ. ಭಯವಿರುವುದು ಬಾಗಿಲು, ಕಿಟಕಿ, ಕಂಬಿ, ತೊಟ್ಟಿಲುಗಳಿಗೆ ಬಳಿದ ಎಣ್ಣೆಬಣ್ಣದಲ್ಲಿ. ಬಣ್ಣವು ಬೇಗ ಒಣಗಲೆಂದೂ ಬಹುಕಾಲ ಬಾಳಲೆಂದೂ ಅದರಲ್ಲಿ ಸೀಸವನ್ನು ಬೆರೆಸುತ್ತಿದ್ದರು. ಹೊಳೆಯುವ ಹಳದಿಗೆ ಸೀಸದ ಕ್ರೋಮೇಟು, ಕಬ್ಬಿಣದ ಕಂಬಿಯ ಮೊದಲ ಲೇಪಕ್ಕೆ ಕೆಂಪು ಸೀಸ. ಹಳೆಯ ಬಣ್ಣವೇ ಗಟ್ಟಿಯೆಂದು ಹಿರಿಯರು ಹೊಗಳುವುದುಂಟು. ಆ ಗಟ್ಟಿತನಕ್ಕೆ ಒಂದು ಕಾರಣವು ಈ ವಿಷವೇ ಆಗಿದ್ದಿತು.

ಭಾರತ ಸರ್ಕಾರದವರು 2016ರಲ್ಲಿ ನಿಯಮವೊಂದನ್ನು ಹೊರಡಿಸಿ, 2017ರ ನವೆಂಬರ್ 1ರಿಂದ ಮನೆಬಣ್ಣದಲ್ಲಿ ಸೀಸವು ದಶಲಕ್ಷಕ್ಕೆ 90 ಪಾಲನ್ನು ಮೀರಕೂಡದೆಂದು ವಿಧಿಸಿದರು. ನಿಯಮವು ಒಳ್ಳೆಯದೇ. ಆದರೆ ಅದು ಅಂಗಡಿಯ ಹೊಸ ಡಬ್ಬಿಯನ್ನು ಕಟ್ಟಿಹಾಕೀತೇ ಹೊರತು ಅಜ್ಜನ ಕಾಲದ ಬಾಗಿಲನ್ನಲ್ಲ. ಯಾವ ಬಾಗಿಲಲ್ಲಿ ಸೀಸವಿದೆ, ಯಾವುದರಲ್ಲಿಲ್ಲವೆಂಬುದು ಕಣ್ಣಿಗೆ ಕಾಣತಕ್ಕದ್ದಲ್ಲ. ಆದ್ದರಿಂದ ಆ ದಿನಕ್ಕೆ ಹಿಂದೆ ಬಳಿದ ಎಣ್ಣೆಬಣ್ಣವೆಲ್ಲವನ್ನೂ ಸಂಶಯದಿಂದಲೇ ನೋಡುವುದು ವಿವೇಕ.

ಇದು ಹೊಸ ಸಂಗತಿಯೇನೂ ಅಲ್ಲ. ಆಸ್ಟ್ರೇಲಿಯಾದ ಬ್ರಿಸ್ಬೇನ್ ಪಟ್ಟಣದ ನೇತ್ರವೈದ್ಯ ಗಿಬ್ಸನ್ ಎಂಬವರು 1904ರಷ್ಟು ಹಿಂದೆಯೇ, ಜಗಲಿಯ ಕಟಕಟೆಯ ಬಣ್ಣವು ಮಕ್ಕಳ ಕೈಗೆ ಅಂಟಿ ಬಾಯಿಗೆ ಹೋಗಿ ವಿಷವಾಗುವುದನ್ನು ಲೋಕಕ್ಕೆ ತಿಳಿಸಿದರು. ನಮ್ಮ ಬೆಂಗಳೂರಿನಲ್ಲಿ ಡಾ. ತುಪ್ಪಿಲ್ ವೆಂಕಟೇಶರು ದಶಕಗಳ ಕಾಲ ಇದೇ ವಿಷಯದಲ್ಲಿ ಶ್ರಮಿಸಿದ್ದಾರೆ. ಮಕ್ಕಳ ಮಿದುಳಿಗೆ ಇಷ್ಟು ಸೀಸದಿಂದ ಬಾಧೆಯಿಲ್ಲವೆಂದು ಹೇಳಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯವರ ಮತ. ಹುಡುಗನು ಪಾಠದಲ್ಲಿ ಮಂದ, ರಕ್ತಹೀನ, ಸಿಡುಕನೆಂದು ನಾವು ಗದರುತ್ತೇವೆಯೇ ಹೊರತು ಬಾಗಿಲ ಕಡೆಗೆ ನೋಡುವುದಿಲ್ಲ.

ಹಾಗಾದರೆ ಮಾಡಬೇಕಾದುದೇನು? ಬಣ್ಣವು ಎಲ್ಲಿಯೂ ಎಬ್ಬದೆ ಗಟ್ಟಿಯಾಗಿದ್ದರೆ ಅದನ್ನು ಕೆಣಕಲೇಬಾರದು. ಸಾಬೂನಿನ ನೀರಿನಿಂದ ತೊಳೆದು, ಒಣಗಿಸಿ, ಮೇಲೆ ಹೊಸ ಬಣ್ಣವನ್ನು ಬಳಿದರೆ ಸಾಕು. ಚಕ್ಕೆ ಏಳುವ ಕಡೆಯಲ್ಲಿಯೂ, ಬಾಗಿಲು ಚೌಕಟ್ಟಿಗೆ ಉಜ್ಜಿ ಪುಡಿ ಉದುರುವ ಕಡೆಯಲ್ಲಿಯೂ ಕೆರೆಯಲೇಬೇಕಾದೀತು. ಆಗ ನೀರನ್ನು ಚಿಮುಕಿಸಿ, ನೆನೆದಿರುವಾಗಲೇ ಕೆರೆಯತಕ್ಕದ್ದು. ಒಣಗಿದ್ದಾಗ ಉಜ್ಜುವುದೂ ಬೆಂಕಿಯ ಜ್ವಾಲೆಯಿಂದ ಸುಟ್ಟು ತೆಗೆಯುವುದೂ ಸರ್ವಥಾ ಕೂಡದು. ಮೊದಲನೆಯದು ಧೂಳಾಗಿಯೂ ಎರಡನೆಯದು ಹೊಗೆಯಾಗಿಯೂ ಶ್ವಾಸಕೋಶವನ್ನು ಸೇರುವುದು. ಕೆಲಸಕ್ಕೆ ಮುಂಚೆ ಹಾಸಿಗೆ, ಪಾತ್ರೆ, ರಾಗಿಯ ಮೂಟೆಗಳನ್ನು ಆಚೆಗೆ ಸಾಗಿಸಿ ನೆಲಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಹಾಸಬೇಕು. ಗರ್ಭಿಣಿಯರೂ ಮಕ್ಕಳೂ ಮನೆಯು ಪೂರ್ತಿ ಶುದ್ಧವಾಗುವವರೆಗೆ ನೆಂಟರ ಮನೆಯಲ್ಲಿರುವುದು ಲೇಸು. ಕೊನೆಗೆ ಪೊರಕೆಯನ್ನು ಮುಟ್ಟದೆ, ಸಾಬೂನು ನೀರಿನಲ್ಲಿ ಅದ್ದಿದ ಬಟ್ಟೆಯಿಂದ, ನೀರನ್ನು ಬದಲಿಸುತ್ತ, ಎರಡು ಸಲ ಒರೆಸಬೇಕು. ಆ ನೀರನ್ನು ಬಾವಿಯ ಬಳಿಯಲ್ಲಾಗಲಿ ಕೈತೋಟದಲ್ಲಾಗಲಿ ಚೆಲ್ಲಬಾರದು.

ಕಿತ್ತುಹಾಕಿದ ಹಳೆಯ ಬಾಗಿಲು ಚೌಕಟ್ಟುಗಳನ್ನು ಬಚ್ಚಲ ಒಲೆಗೆ ಇಡುವುದು ನಮ್ಮವರ ಮಿತವ್ಯಯ. ಬಣ್ಣ ಬಳಿದ ಮರದ ವಿಷಯದಲ್ಲಿ ಈ ಮಿತವ್ಯಯವು ಅಪಾಯಕರ. ಸೀಸವು ಲೋಹ; ಸುಟ್ಟರೆ ನಾಶವಾಗುವುದಿಲ್ಲ. ಒಂದಿಷ್ಟು ಹೊಗೆಯಲ್ಲಿ ಹೋದರೆ ಉಳಿದುದು ಬೂದಿಯಲ್ಲಿ ಕೂರುವುದು. ಆ ಬೂದಿಯಿಂದಲೇ ಪಾತ್ರೆ ಬೆಳಗುವ ಮನೆಗಳು ಇಂದಿಗೂ ಇವೆ. ಚಕ್ಕೆಗಳನ್ನು ತಿಪ್ಪೆಗೆ ಸುರಿಯುವುದೂ ಇದೇ ಜಾತಿಯ ತಪ್ಪು. ಅವನ್ನು ಹಾಳೆಯಲ್ಲಿ ಬಿಗಿಯಾಗಿ ಸುತ್ತಿ, ಪಂಚಾಯಿತಿಯ ಕಸದವರಿಗೆ ಅಪಾಯದ ಕಸವೆಂದು ಹೇಳಿ ಬೇರೆಯಾಗಿ ಒಪ್ಪಿಸಬೇಕು.

ಎಲ್ಲಕ್ಕಿಂತ ಹೆಚ್ಚಾಗಿ ಈ ವಿಷವನ್ನು ಉಣ್ಣುವವನು ಬಣ್ಣದ ಕೂಲಿಯವನು. ಮೂಗಿಗೆ ಸುತ್ತಿದ ಟವೆಲ್ಲು ಆ ಸೂಕ್ಷ್ಮವಾದ ಧೂಳನ್ನು ತಡೆಯಲಾರದು. ಅದೇ ಕೈಯಿಂದ ಬೀಡಿ, ಅದೇ ಕೈಯಿಂದ ಎಲೆಯಡಿಕೆ. ಸಂಜೆ ಅದೇ ಬಟ್ಟೆಯಲ್ಲಿ ಮನೆಗೆ ಹೋಗಿ ಮಗುವನ್ನು ಎತ್ತಿಕೊಳ್ಳುವನು. ಅವನಿಗೆ ಧೂಳು ತಡೆಯುವ ತಕ್ಕ ಮುಖಕವಚವನ್ನೂ, ಕೈಕಾಲು ತೊಳೆದು ಬಟ್ಟೆ ಬದಲಿಸುವುದಕ್ಕೆ ನೀರು ಸಾಬೂನುಗಳನ್ನೂ ಕೊಡುವುದು ಮನೆಯ ಯಜಮಾನರ ಹೊಣೆ. ನೆನೆಸಿ ಕೆರೆಯುವುದಕ್ಕೆ ಒಂದು ದಿನ ಹೆಚ್ಚು ಹಿಡಿಯಬಹುದು. ಆ ದಿನದ ಕೂಲಿಗಾಗಿ ಚೌಕಾಸಿ ಮಾಡುವ ಗೃಹಸ್ಥರು ಜಾತ್ರೆಯಲ್ಲಿ ಅದಕ್ಕಿಂತ ಹೆಚ್ಚು ವೆಚ್ಚ ಮಾಡುವುದನ್ನು ನಾವು ಕಂಡಿದ್ದೇವೆ.

ಮನೆಗಳ ಮಾತು ಹೀಗಾದರೆ, ಸರ್ಕಾರಿ ಶಾಲೆ ಅಂಗನವಾಡಿಗಳ ಹಳೆಯ ಬಾಗಿಲು ಕಿಟಕಿಗಳಿಗೆ ಯಜಮಾನರಾರು? ಬಣ್ಣದ ಗುತ್ತಿಗೆಯ ಕರಾರಿನಲ್ಲಿ ಚದರಡಿಯ ದರವು ಇದ್ದೇ ಇರುವುದು. ನೆನೆಸಿ ಕೆರೆಯಬೇಕು, ಒರೆಸಿ ಮುಗಿಸುವವರೆಗೆ ಕೊಠಡಿಯನ್ನು ಮಕ್ಕಳಿಗೆ ಬಿಡಕೂಡದು ಎಂಬ ಎರಡು ಷರತ್ತುಗಳನ್ನೂ ಅದರಲ್ಲಿ ಸೇರಿಸಬೇಕೆಂದು ಹನೂರು ತಾಲ್ಲೂಕಿನ ಅಧಿಕಾರಿಗಳನ್ನು ಕೇಳಿಕೊಳ್ಳುತ್ತೇವೆ. ಸಂಶಯವಿರುವ ಮಗುವಿನ ರಕ್ತದಲ್ಲಿ ಸೀಸವನ್ನು ಅಳೆಯಿಸುವುದಕ್ಕೆ ಹಳ್ಳಿಯವರು ಎಲ್ಲಿಗೆ ಹೋಗಬೇಕು, ಎಷ್ಟು ಖರ್ಚಾದೀತೆಂಬುದನ್ನು ಜಿಲ್ಲಾ ಆರೋಗ್ಯಾಧಿಕಾರಿಗಳು ಕೌದಳ್ಳಿಯಂಥ ಊರುಗಳ ಪಂಚಾಯಿತಿ ಕಚೇರಿಯಲ್ಲಿ ಕನ್ನಡದಲ್ಲಿ ಬರೆದು ಅಂಟಿಸಲಿ. ಅದೂ ಬೇಸಿಗೆಯ ರಜದಲ್ಲಿ ಶಾಲೆಗಳ ಕೆಲಸವು ಮೊದಲಾಗುವುದಕ್ಕೆ ಮುಂಚೆಯೇ ಆಗಲಿ.