ಸೈಕಲ್‌ಗೂ ಒಂದಿಷ್ಟು ಜಾಗ ಬಿಡಿ

ಎಂಟನೇ ತರಗತಿಯಲ್ಲಿ ಸರ್ಕಾರದ ಸೈಕಲ್ ಸಿಕ್ಕ ದಿನ ನನಗೆ ವಿಮಾನವೇ ಸಿಕ್ಕಷ್ಟು ಖುಷಿ. 2006-07ರಲ್ಲಿ ಶುರುವಾದ ಆ ಯೋಜನೆಯಿಂದ ನಮ್ಮ ಸಿದ್ಧಕಟ್ಟೆ ಕಡೆಯ ಎಷ್ಟೋ ಮಕ್ಕಳಿಗೆ ಶಾಲೆ ಹತ್ತಿರವಾಗಿತ್ತು. ಆದರೆ ಬಂಟ್ವಾಳ–ಮೂಡುಬಿದಿರೆ ರಸ್ತೆಯಲ್ಲಿ ಬೆನ್ನ ಹಿಂದೆ ಬಸ್ಸಿನ ಹಾರ್ನ್ ಕೇಳಿದರೆ ಸಾಕು, ಖುಷಿಯೆಲ್ಲ ಇಳಿದುಹೋಗುತ್ತಿತ್ತು. ದೊಡ್ಡ ವಾಹನ ಪಕ್ಕದಲ್ಲೇ ಹಾದುಹೋಗುವಾಗ ಗಾಳಿ ಮೊದಲು ಹೊರಕ್ಕೆ ತಳ್ಳುತ್ತದೆ, ಮರುಕ್ಷಣ ಒಳಕ್ಕೆ ಎಳೆಯುತ್ತದೆ. ಅದರ ಲೆಕ್ಕ ಬಿಇಗೆ ಬಂದ ಮೇಲೆ ಓದಿದೆ, ಅನುಭವ ಆಗಲೇ ಆಗಿತ್ತು.

‘ಸೈಕಲಿನವರು ಬದಿಗೆ ಹೋದರೆ ಆಯ್ತಲ್ಲ?’ ಎಂದು ಕೇಳುವವರಿದ್ದಾರೆ. ಬದಿ ಎಲ್ಲಿದೆ ಮಾರಾಯ್ರೆ? ನಮ್ಮ ಹೆಚ್ಚಿನ ರಸ್ತೆಗಳಲ್ಲಿ ಡಾಮರು ಮುಗಿದಲ್ಲೇ ಒಂದು ಗೇಣು ತಗ್ಗು. ಮಳೆಗಾಲದಲ್ಲಿ ಅಲ್ಲಿ ಕೆಸರು, ಹುಲ್ಲಿನಡಿಯಲ್ಲಿ ಚರಂಡಿ. ಸೈಕಲಿನ ಸಪೂರ ಟಯರ್ ಒಮ್ಮೆ ಕೆಳಗಿಳಿದು ಮತ್ತೆ ಮೇಲೆ ಹತ್ತಲು ಹೋದರೆ ಡಾಮರಿನ ಅಂಚಿಗೆ ಉಜ್ಜಿ ಜಾರುತ್ತದೆ. ಆಗ ಸವಾರ ಬೀಳುವುದು ಚರಂಡಿಗಲ್ಲ, ರಸ್ತೆಗೆ, ಹಿಂದಿನ ವಾಹನದ ಎದುರಿಗೆ.

ಇಷ್ಟೆಲ್ಲ ಗೊತ್ತಿದ್ದೂ ನಾನೇ ತಪ್ಪು ಮಾಡಿದೆ. ಕಳೆದ ವರ್ಷ ಇಂಟರ್ನಲ್ಸ್ ದಿನ ತಡವಾಗಿತ್ತು. ಸ್ಕೂಟರಿನಲ್ಲಿ ಹೋಗುವಾಗ ತಿರುವಿನಲ್ಲಿ ಒಬ್ಬರು ಅಜ್ಜ ಡೈರಿಗೆ ಹಾಲು ಕಟ್ಟಿಕೊಂಡು ಸೈಕಲ್ ತುಳಿಯುತ್ತಿದ್ದರು. ಓವರ್‌ಟೇಕ್‌ಗೆ ಹೊರಟೆ. ಎದುರಿನಿಂದ ಜೀಪು ಬಂತು. ಹೆದರಿ ಎಡಕ್ಕೆ ಎಳೆದೆ. ಅಜ್ಜ ಕೆಸರಿಗೆ ಕಾಲು ಕೊಟ್ಟು ಹೇಗೋ ನಿಂತರು, ಕ್ಯಾನ್ ವಾಲಿತು. ನಾನು ನಿಲ್ಲಿಸಿದೆ. ಅವರು ಬೈಯಲಿಲ್ಲ, ಕ್ಯಾನಿನ ಮುಚ್ಚಳ ಒತ್ತಿ ನೋಡಿ ಹೊರಟುಹೋದರು. ಬೈದಿದ್ದರೆ ಒಳ್ಳೆಯದಿತ್ತು. ಕಾಲೇಜಿಗೆ ಹೋದರೆ ಪ್ರಶ್ನೆಪತ್ರಿಕೆಯನ್ನೇ ಕೊಟ್ಟಿರಲಿಲ್ಲ.

ಬಸ್ಸಿನವರಿಗೆ ಟೈಮಿಂಗ್ ಇದೆ, ಗೊತ್ತು. ಆದರೂ ಎದುರಿನಿಂದ ವಾಹನ ಬರುತ್ತಿದ್ದರೆ ಸೈಕಲ್ ಹಿಂದೆ ಸ್ವಲ್ಪ ಹೊತ್ತು ನಿಧಾನವಾಗಿ ಹೋಗಲೇಬೇಕು. ಫ್ರಾನ್ಸಿನಲ್ಲಿ ಊರ ಹೊರಗಿನ ರಸ್ತೆಯಲ್ಲಿ ಸೈಕಲ್ ದಾಟುವಾಗ ಒಂದೂವರೆ ಮೀಟರ್ ಅಂತರ ಬಿಡಬೇಕೆಂಬ ಕಾನೂನೇ ಇದೆ. ನಮಗೆ ಅಳತೆ ಟೇಪು ಬೇಡ, ಸೈಕಲಿನವರು ವಾಲಿ ಬಿದ್ದರೂ ನಮ್ಮ ಚಕ್ರಕ್ಕೆ ಸಿಗದಷ್ಟು ಜಾಗ ಬಿಟ್ಟರಾಯಿತು. ಬೆಳ್ತಂಗಡಿ ಕಡೆಯ ಏರುಗಳಲ್ಲಿ ಇನ್ನೂ ಹೆಚ್ಚು ಬಿಡಬೇಕು. ವೇಗ ಕಡಿಮೆಯಾದಷ್ಟೂ ಸೈಕಲ್ ಓಲಾಡುತ್ತದೆ, ಅದು ಸವಾರನ ಉಡಾಫೆಯಲ್ಲ. ಹಾರ್ನ್ ದೂರದಿಂದಲೇ ಒಮ್ಮೆ ಸಾಕು, ಕಿವಿಯ ಹತ್ತಿರ ಬೇಡ. ಬಿ.ಸಿ.ರೋಡಿನಂಥ ಪೇಟೆಯಲ್ಲಿ ಕಾರು ನಿಲ್ಲಿಸಿದ ಚಾಲಕರು ಬಲಬಾಗಿಲನ್ನು ಎಡಗೈಯಿಂದ ತೆರೆಯಲಿ. ಮೈ ತಾನಾಗಿ ತಿರುಗುತ್ತದೆ, ಹಿಂದೆ ಬರುವ ಸೈಕಲ್ ಕಾಣುತ್ತದೆ. ಬ್ರಿಟನ್ 2022ರಲ್ಲಿ ಇದನ್ನು ತನ್ನ ಹೆದ್ದಾರಿ ನಿಯಮಾವಳಿಗೇ ಸೇರಿಸಿತು.

ಸೈಕಲಿನವರ ತಪ್ಪೂ ಇಲ್ಲವೆಂದಲ್ಲ. ಕತ್ತಲಲ್ಲಿ ಲೈಟಿಲ್ಲದೆ ಬರುತ್ತಾರೆ, ಹಿಂದೆ ನೋಡದೆ ಬಲಕ್ಕೆ ತಿರುಗುತ್ತಾರೆ. ಆದರೆ ಅವರಿಂದ ಬಸ್ಸಿಗೆ ಏನೂ ಆಗುವುದಿಲ್ಲವಲ್ಲ!

ತಂಗಿ ಈ ವರ್ಷ ಎಂಟನೇ ತರಗತಿ. ಅಪ್ಪನ ಹತ್ತಿರ ಸೈಕಲ್ ಕೇಳಿದ್ದಾಳೆ. ಅಮ್ಮ ಬೇಡವೇ ಬೇಡ ಅನ್ನುತ್ತಿದ್ದಾರೆ. ನಾನು ಇನ್ನೂ ಯಾರ ಪರವಾಗಿಯೂ ಮಾತನಾಡಿಲ್ಲ.