ಒಲೆಯ ಹೊಗೆ ಮತ್ತು ಅಳೆಯದ ಉಸಿರು

ಹಳ್ಳಿಯ ಜಗುಲಿಯ ಮೇಲೆ ಗೋಡೆಗೊರಗಿ ಏದುಸಿರು ಬಿಡುವ ಮುದುಕರನ್ನು ಕಂಡಾಗ, ಬೀಡಿ ಸೇದಿದುದರ ಫಲವೆಂದೋ ವಯೋಧರ್ಮವೆಂದೋ ನಿರ್ಣಯಿಸಿ ಸುಮ್ಮನಾಗುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. ಬೀಡಿಯ ಮಟ್ಟಿಗೆ ಆ ನಿರ್ಣಯ ತಪ್ಪಲ್ಲ. ಆದರೆ ಜನ್ಮದಲ್ಲಿ ಬೀಡಿ ಮುಟ್ಟದೆ, ಐವತ್ತು ತುಂಬುವ ಮೊದಲೇ ಒಂದು ಕೊಡ ನೀರು ಹೊತ್ತು ನಾಲ್ಕು ಹೆಜ್ಜೆ ನಡೆಯಲಾರದೆ ನಿಂತುಬಿಡುವ ಹೆಂಗಸಿನ ದಮ್ಮಿಗೆ ಅದು ಉತ್ತರವಾಗಲಾರದು. ಅವಳ ವ್ಯಾಧಿಯ ಮೂಲವನ್ನು ಅರಸಬೇಕಾದುದು ಅಡುಗೆಮನೆಯಲ್ಲಿ. ಮೈಸೂರು ಜಿಲ್ಲೆಯ ಗ್ರಾಮೀಣ ಸ್ತ್ರೀಯರನ್ನು ಕುರಿತು 2013ರಲ್ಲಿ ಪ್ರಕಟವಾದ ವೈದ್ಯಕೀಯ ಅಧ್ಯಯನವೊಂದು, ದಿನಕ್ಕೆ ಎಷ್ಟು ಗಂಟೆ ಸೌದೆಯೊಲೆಯ ಮುಂದೆ ಕುಳಿತರು, ಎಷ್ಟು ವರ್ಷ ಕುಳಿತರು ಎಂಬೆರಡನ್ನೂ ಗುಣಿಸಿ ಬಂದ ಸಂಖ್ಯೆಯನ್ನು ಹೊಗೆಯ ಸೂಚ್ಯಂಕವಾಗಿಟ್ಟುಕೊಂಡು, ಶ್ವಾಸನಾಳಗಳ ದೀರ್ಘಕಾಲಿಕ ಉರಿಯೂತಕ್ಕೆ 60 ಎಂಬುದು ಹೊಸ್ತಿಲೆಂದು ಗುರುತಿಸಿತು. ಲೆಕ್ಕ ಬಹು ಸುಲಭ: ಹದಿನೆಂಟನೆಯ ವಯಸ್ಸಿನಲ್ಲಿ ಮದುವೆಯಾಗಿ ಬಂದು ದಿನಕ್ಕೆ ನಾಲ್ಕು ಗಂಟೆ ಒಲೆ ಊದುವ ಸೊಸೆ, ತವರಿನಲ್ಲಿ ಕುಡಿದ ಹೊಗೆಯನ್ನು ಬಿಟ್ಟುಬಿಟ್ಟರೂ, ಮೂವತ್ತಮೂರಕ್ಕೆ ಆ ಹೊಸ್ತಿಲನ್ನು ತಲುಪಿರುತ್ತಾಳೆ.

ಸೌದೆ, ಬೆರಣಿ, ತೊಗರಿಕಟ್ಟಿಗೆಗಳ ಹೊಗೆಯಲ್ಲಿರುವ ಅತಿಸೂಕ್ಷ್ಮ ಕಣಗಳು ಮೂಗಿನ ತಡೆಯನ್ನು ದಾಟಿ ಶ್ವಾಸಕೋಶದ ಕೊನೆಯ ಕವಲುಗಳವರೆಗೆ ಇಳಿಯುತ್ತವೆ. ವರ್ಷಾನುವರ್ಷ ಈ ಪ್ರಹಾರಕ್ಕೆ ಗುರಿಯಾದ ನಾಳಗಳ ಗೋಡೆ ದಪ್ಪವಾಗಿ, ಕಫ ಹೆಚ್ಚಿ, ವಾಯುಕೋಶಗಳ ಸ್ಥಿತಿಸ್ಥಾಪಕತೆ ಕುಂದಿದ ಮೇಲೆ, ಒಳಗೆ ಹೋದ ಗಾಳಿ ಪೂರ್ಣವಾಗಿ ಹೊರಗೆ ಬರುವುದಿಲ್ಲ. ಉಸಿರು ಎಳೆಯಲಾಗದು ಎಂದು ರೋಗಿ ದೂರಿಕೊಂಡರೂ, ನಿಜವಾಗಿ ಅವರಿಗೆ ಆಗದಿರುವುದು ಉಸಿರನ್ನು ಬಿಡುವುದು. ಆಸ್ತಮಾದ ಸ್ವಭಾವ ಬೇರೆ. ಅದರಲ್ಲಿಯೂ ನಾಳಗಳು ಸಂಕೋಚಗೊಳ್ಳುವುದುಂಟು, ಆದರೆ ಆ ಸಂಕೋಚವು ಬಹುಪಾಲು ಬಂದುಹೋಗತಕ್ಕದ್ದು. ಹೊಗೆಯಿಂದಾದ ಅವರೋಧವಾದರೋ ಪೂರ್ತಿಯಾಗಿ ಹಿಂದಿರುಗದು. ಎರಡನ್ನೂ ಬೇರ್ಪಡಿಸುವ ಉಪಾಯ ಹೊಸದೇನಲ್ಲ. 1846ರಲ್ಲಿಯೇ ಲಂಡನ್ನಿನ ವೈದ್ಯ ಜಾನ್ ಹಚಿನ್‌ಸನ್ ಉಸಿರಿನ ಪರಿಮಾಣವನ್ನು ಅಳೆಯುವ ಸ್ಪೈರೋಮೀಟರನ್ನು ಲೋಕದ ಮುಂದಿಟ್ಟನು. ಇಂದು, ನಾಳಗಳನ್ನು ಹಿಗ್ಗಿಸುವ ಔಷಧವನ್ನು ಕೊಟ್ಟ ಬಳಿಕವೂ, ಬಲವಾಗಿ ಊದಿದ ಗಾಳಿಯಲ್ಲಿ ಮೊದಲ ಸೆಕೆಂಡಿನಲ್ಲಿ ಹೊರಬರುವ ಭಾಗವು ಒಟ್ಟಿನ 0.70ಕ್ಕಿಂತ ಕಡಿಮೆಯಿದ್ದರೆ ಅದನ್ನು ಸ್ಥಾಯಿಯಾದ ಅವರೋಧವೆಂದು ಎಣಿಸುತ್ತಾರೆ.

2016ರ ಅಂದಾಜಿನಂತೆ ಭಾರತದಲ್ಲಿ ಇಂಥ ಅವರೋಧದ ರೋಗಿಗಳು ಐದೂವರೆ ಕೋಟಿ, ಆಸ್ತಮಾ ಪೀಡಿತರು ಮೂರೂಮುಕ್ಕಾಲು ಕೋಟಿಗೂ ಮಿಕ್ಕು. ಕಾರಣಗಳಲ್ಲಿ ಒಲೆಯೊಂದೇ ಇಲ್ಲವೆಂಬುದನ್ನು ಹೇಳಲೇಬೇಕು: ಕೋಲಾರದ ಚಿನ್ನದ ಗಣಿಯ ಕಲ್ಲಿನ ಧೂಳು ತಲೆಮಾರುಗಳ ಕಾರ್ಮಿಕರಿಗೆ ಸಿಲಿಕೋಸಿಸ್ ತಂದಿತು, ವಾಸಿಯಾದ ಕ್ಷಯವೂ ಎಷ್ಟೋ ಜನರ ಶ್ವಾಸಕೋಶದಲ್ಲಿ ಕಲೆಯುಳಿಸಿ ಹೋಗುತ್ತದೆ, ನಗರದ ವಾಹನಗಳ ಹೊಗೆಯ ಮಾತು ಪತ್ರಿಕೆಗಳಲ್ಲಿ ಬೇಕಾದಷ್ಟು ಬರುತ್ತಿದೆ. ಬಾರದಿರುವುದು ಒಲೆಯ ಮಾತು.

ಚಿಕಿತ್ಸೆಯ ವಿಷಯಕ್ಕೆ ಬಂದರೆ, ಔಷಧದ ಅಭಾವಕ್ಕಿಂತ ಔಷಧದ ಮೇಲಿನ ಅವಿಶ್ವಾಸವೇ ನಮ್ಮಲ್ಲಿ ಹೆಚ್ಚಿನ ಹಾನಿಯನ್ನು ಮಾಡುತ್ತಿದೆಯೆಂದು ನನಗೆ ತೋರುತ್ತದೆ. ಇನ್‌ಹೇಲರ್ ಎಂದೊಡನೆ, ಅದು ಕಡೆಗಾಲದ ಔಷಧ, ಒಮ್ಮೆ ಹಿಡಿದರೆ ಚಟವಾಗಿ ಅಂಟಿಕೊಳ್ಳುವುದು, ಮಗಳ ಮದುವೆಯ ಮಾತುಕತೆಯ ಕಾಲದಲ್ಲಿಯಂತೂ ಯಾರ ಕಣ್ಣಿಗೂ ಬೀಳಕೂಡದು ಎಂಬ ಭಾವನೆ ವಿದ್ಯಾವಂತರನ್ನೂ ಬಿಟ್ಟಿಲ್ಲ. ಸತ್ಯ ಇದಕ್ಕೆ ವಿಪರೀತವಾಗಿದೆ. ಸಾಲ್ಬುಟಮಾಲ್ ಮಾತ್ರೆಯೊಂದರಲ್ಲಿ 4 ಮಿಲಿಗ್ರಾಂ ಔಷಧವಿದ್ದರೆ, ಅದನ್ನೇ ಉಸಿರಿನ ಮೂಲಕ ನೇರವಾಗಿ ನಾಳಗಳಿಗೆ ತಲುಪಿಸುವ ಇನ್‌ಹೇಲರಿನ ಒಂದು ಒತ್ತಿನಲ್ಲಿರುವುದು 100 ಮೈಕ್ರೋಗ್ರಾಂ, ಅಂದರೆ ನಲವತ್ತರಲ್ಲಿ ಒಂದು ಪಾಲು. ಇದನ್ನು ಒಲ್ಲದವರು ಮೊರೆಹೋಗುವುದು ಕ್ಷಣಮಾತ್ರದಲ್ಲಿ ಸಮಾಧಾನ ಕೊಡುವ ಸೂಜಿಗೆ ಮತ್ತು ಸ್ಟೀರಾಯ್ಡ್ ಮಾತ್ರೆಗೆ. ತಿಂಗಳುಗಟ್ಟಲೆ ನುಂಗಿದ ಆ ಮಾತ್ರೆ ಎಲುಬನ್ನು ಸವೆಸಿ, ಸಕ್ಕರೆ ಕಾಯಿಲೆಯನ್ನೂ ಕಣ್ಣಿನ ಪೊರೆಯನ್ನೂ ತರಬಲ್ಲದು. ಮೃಗಶಿರಾ ಮಳೆ ಕೂಡುವ ದಿನ ಮೀನಿನ ಔಷಧಿಗೆಂದು ಹೈದರಾಬಾದಿನಲ್ಲಿ ಸೇರುವ ಜನಸಂದಣಿಯನ್ನು ನೋಡಿ ನಗುವುದು ಸುಲಭ; ಅದು ಇನ್‌ಹೇಲರಿನ ಪ್ರಯೋಜನವನ್ನು ಯಾರೂ ಕುಳಿತು ತಿಳಿಯಹೇಳದ ಜನರ ಸಂದಣಿ. ಆಸ್ತಮಾದಲ್ಲಿ ಉಬ್ಬಸ ಬಂದಾಗ ನಾಳ ಹಿಗ್ಗಿಸಿಕೊಂಡರೆ ಸಾಕೆಂಬ ಹಳೆಯ ಪದ್ಧತಿಯನ್ನು 2019ರಲ್ಲಿ ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಕೈಬಿಟ್ಟಿತು. ಒಳಗಿನ ಉರಿಯೂತವನ್ನು ಶಮನ ಮಾಡುವ ಸ್ಟೀರಾಯ್ಡು ಉಸಿರಿನೊಂದಿಗೆ ಹೋಗಲೇಬೇಕು. ಸ್ಥಾಯಿಯಾದ ಅವರೋಧದಲ್ಲಿ, ಬೀಡಿಯನ್ನು ಬಿಟ್ಟರೆ ಕ್ಷೀಣಿಸುವ ವೇಗ ತಗ್ಗುವುದೆಂಬುದು 1977ರಷ್ಟು ಹಿಂದೆಯೇ ತಿಳಿದ ವಿಷಯ. ರಕ್ತದಲ್ಲಿ ಆಮ್ಲಜನಕ ತೀರ ಇಳಿದವರಿಗೆ ದಿನಕ್ಕೆ 15 ಗಂಟೆಗೆ ಕಡಿಮೆಯಿಲ್ಲದಂತೆ ಅದನ್ನು ಕೊಟ್ಟರೆ ಆಯುಷ್ಯ ಬೆಳೆಯುವುದೆಂಬುದು 1981ರಲ್ಲಿ ಸಿದ್ಧವಾಯಿತು. ಬೀಡಿ ಬಿಡುವವನಿಗೆ ಬಿಡುವ ಸ್ವಾತಂತ್ರ್ಯವಾದರೂ ಉಂಟು. ಒಲೆಯನ್ನು ಬಿಡೆಂದು ಗೃಹಿಣಿಗೆ ಹೇಳುವುದು ಹೇಗೆ?

ಈ ಪ್ರಶ್ನೆಗೆ ಕರ್ನಾಟಕದಲ್ಲಿಯೇ ಒಂದು ಉತ್ತರ ಹುಟ್ಟಿದ್ದಿತು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು ಆರಂಭಿಸಿದ ಗ್ರಾಮೀಣ ತಂತ್ರಜ್ಞಾನ ವಿಭಾಗದಿಂದ ಹೊರಬಂದ ಅಸ್ತ್ರ ಒಲೆಯು ಸೌದೆಯನ್ನು ಉಳಿಸುವುದರ ಜತೆಗೆ ಹೊಗೆಯನ್ನು ಕೊಳವೆಯ ಮೂಲಕ ಸೂರಿನಾಚೆಗೆ ಕಳುಹಿಸುತ್ತಿದ್ದಿತು. ಆದರೆ ಹೊಗೆಕೊಳವೆಯಲ್ಲಿ ಮಸಿ ಕಟ್ಟುತ್ತದೆ, ಮಣ್ಣು ಬಿರಿಯುತ್ತದೆ. ಕಟ್ಟಿಸಿಕೊಟ್ಟವರು ಮರಳಿ ಬಂದು ನೋಡದಿದ್ದರೆ ಒಲೆ ಮತ್ತೆ ಮೂರು ಕಲ್ಲಿಗೆ ಇಳಿಯುತ್ತದೆ. 2016ರ ಉಜ್ವಲಾ ಯೋಜನೆ ಅಡುಗೆಮನೆಗೆ ಗ್ಯಾಸನ್ನು ತಂದುದು ದೊಡ್ಡ ಕೆಲಸವೇ ಸರಿ. ಆದರೂ ಸಿಲಿಂಡರನ್ನು ಮತ್ತೆ ತುಂಬಿಸುವ ಹಣ ಕೂಲಿಯ ಮನೆಯಲ್ಲಿ ಹೊಂದದ ತಿಂಗಳುಗಳು ಬರುತ್ತವೆ. ಚಹಕ್ಕೆ ಗ್ಯಾಸು, ಮುದ್ದೆಗೂ ಹಂಡೆಯ ಸ್ನಾನದ ನೀರಿಗೂ ಸೌದೆ ಎಂಬ ವಿಭಾಗವಾದೊಡನೆ ಹೊಗೆ ಕಡಿಮೆಯಾದೀತಲ್ಲದೆ ನಿಲ್ಲದು.

ಮೂವತ್ತು ದಾಟಿದವರ ಮನೆಗೆ ಬರುವ ಆಶಾ ಕಾರ್ಯಕರ್ತೆಯ ನಮೂನೆಯಲ್ಲಿ ಅಡುಗೆಯ ಇಂಧನ ಯಾವುದೆಂಬ ಪ್ರಶ್ನೆಯುಂಟು, ಏದುಸಿರಿನ ಪ್ರಶ್ನೆಯೂ ಉಂಟು. ಉತ್ತರವನ್ನು ಬರೆದುಕೊಂಡು ಆಕೆ ಕಳುಹಿಸಿದ ಹೆಂಗಸಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡವನ್ನೂ ಸಕ್ಕರೆಯನ್ನೂ ನೋಡುತ್ತಾರೆ. ಉಸಿರನ್ನು ಅಳೆಯುವ ಸಾಧನವನ್ನು ಮಾತ್ರ ಸಾಮಾನ್ಯವಾಗಿ ಅಲ್ಲಿ ಕಾಣೆವು. ಅದು ತಾಲ್ಲೂಕು ಆಸ್ಪತ್ರೆಯಲ್ಲಾದರೂ ಇರಬೇಕು. ಇನ್‌ಹೇಲರುಗಳು ಕೆಳಗಿನ ಕೇಂದ್ರಗಳಲ್ಲಿಯೂ ವರ್ಷವಿಡೀ ದೊರೆಯಬೇಕು. ಯಂತ್ರವನ್ನು ಕೊಂಡು ಬೀರುವಿನಲ್ಲಿರಿಸಿದರೆ ಸಾಲದು, ರೋಗಿ ಆರು ಸೆಕೆಂಡಾದರೂ ಎಡೆಬಿಡದೆ ಊದುವಂತೆ ಪಕ್ಕದಲ್ಲಿ ನಿಂತು ಹುರಿದುಂಬಿಸಬಲ್ಲ ತಂತ್ರಜ್ಞರೊಬ್ಬರನ್ನು ಅದರ ಸಂಗಡ ನೇಮಿಸತಕ್ಕದ್ದು. ಅರ್ಧಕ್ಕೆ ಬಿಟ್ಟ ಉಸಿರಿನ ಅಳತೆಯಿಂದ ಯಾವ ವೈದ್ಯನೂ ಏನನ್ನೂ ನಿರ್ಣಯಿಸಲಾರನು.