ಹತ್ತಿಕಟ್ಟಿಗೆಗೆ ಬೆಂಕಿ ಇಡುವ ಮುನ್ನ

ಬಸವ ಜಯಂತಿಯಂದು ಯಾದಗಿರಿ, ಶಹಾಪುರ, ಸುರಪುರ ಭಾಗದ ಊರುಗಳಲ್ಲಿ ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು ಸಿಂಗರಿಸುತ್ತೇವೆ. ಮರುದಿನ ಅದೇ ಊರಿನ ದನಗಳು ಗಾಯರಾಣಕ್ಕೆ ಹೋದರೆ ಅಲ್ಲಿರುವುದು ಗರಸು ಮತ್ತು ಜಾಲಿ. ಅದಕ್ಕೆ ಎರಡು ತಿಂಗಳ ಮೊದಲೇ ನಮ್ಮ ಹೊಲಗಳ ಹತ್ತಿಕಟ್ಟಿಗೆ ಬೂದಿಯಾಗಿರುತ್ತದೆ. ಕಾಲುವೆಯ ಕೆಳಗಿನ ಗದ್ದೆಗಳಲ್ಲಿ ಭತ್ತದ ಹುಲ್ಲಿಗೂ ಬೆಂಕಿ ಇಡುವವರಿದ್ದಾರೆ. ಅದಂತೂ ದನದ ಮುಂದಿನ ಮೇವನ್ನೇ ಸುಟ್ಟಂತೆ.

ಆ ಹತ್ತಿಕಟ್ಟಿಗೆ ಗಾಯರಾಣಕ್ಕೆ ಹೋಗಬೇಕು ಎಂಬುದು ನನ್ನ ವಾದ. ಬರಿ ನೆಲಕ್ಕೆ ಮುಂಗಾರಿನ ಹನಿ ಬಡಿದಾಗ ಮೇಲ್ಮಣ್ಣು ಹೆಪ್ಪುಗಟ್ಟುತ್ತದೆ, ನೀರು ಇಂಗದೆ ಹಳ್ಳ ಸೇರುತ್ತದೆ. ಕತ್ತರಿಸಿದ ಕಟ್ಟಿಗೆಯನ್ನು ಇಳಿಜಾರಿಗೆ ಅಡ್ಡಲಾಗಿ ಹರಡಿದರೆ ನೀರಿನ ಓಟ ತಗ್ಗುತ್ತದೆ. ಗಾಳಿ ತಂದ ಮಣ್ಣು, ಹುಲ್ಲಿನ ಬೀಜ ಅಲ್ಲೇ ನಿಲ್ಲುತ್ತವೆ. ಕಟ್ಟಿಗೆ ತಿನ್ನಲು ಬರುವ ಗೆದ್ದಲು ನೆಲ ಕೊರೆಯುತ್ತದೆ, ಆ ತೂತುಗಳಲ್ಲಿ ನೀರು ಇಳಿಯುತ್ತದೆ. ಆಫ್ರಿಕಾದ ಬುರ್ಕಿನಾ ಫಾಸೋದ ಒಣನೆಲದಲ್ಲಿ ಸಂಶೋಧಕರು ಕಂಡಿದ್ದೂ ಇದನ್ನೇ. ನಾವು ಶತ್ರು ಎನ್ನುವ ಗೆದ್ದಲು ಅಲ್ಲಿ ಕಾಯಕಜೀವಿ! ಹೊದಿಕೆ ಮಾತ್ರ ತೆಳುವಾಗಿರಬೇಕು, ನಡುನಡುವೆ ಮಣ್ಣು ಕಾಣಬೇಕು. ದಪ್ಪವಾದರೆ ಮೊಳಕೆ ಉಸಿರುಗಟ್ಟುತ್ತದೆ. ಮಳೆಗೆ ಮುಂಚೆ ಅಂಜನ ಹುಲ್ಲಿನ ಬೀಜ ಚೆಲ್ಲಿದರೆ ಇನ್ನೂ ಒಳ್ಳೆಯದು.

ಜೋಳದ ಕಣಿಕೆ ಇದಕ್ಕೆ ಬೇಡ, ಅದು ಮೇವು. ತೊಗರಿಕಟ್ಟಿಗೆ ಬಡವರ ಒಲೆಯದು, ಅದನ್ನೂ ಮುಟ್ಟಬಾರದು. ಹತ್ತಿಕಟ್ಟಿಗೆಯಲ್ಲಿ ಗುಲಾಬಿ ಕಾಯಿಕೊರಕ ಉಳಿಯುತ್ತದೆ ಎಂಬ ಅಳುಕು ಸರಿಯಾದದ್ದೇ. ಹತ್ತಿ ಬಿಡಿಸಿದ ಮೇಲೆ ಹೊಲದಲ್ಲಿ ಕುರಿ ಮೇಯಿಸಿ, ಉಳಿದ ಕಾಯಿ ಆರಿಸಿ ಸುಟ್ಟು, ಆಮೇಲೆ ಕಟ್ಟಿಗೆ ಕತ್ತರಿಸಬೇಕು. ಕಾಯಿ ಉಳಿದ ಕಟ್ಟಿಗೆಯನ್ನು ಗಾಯರಾಣಕ್ಕೆ ತರಲೇಬಾರದು.

ಇಷ್ಟು ಸುಲಭದ ಭಾಗ. ಭೂಕಂದಾಯ ನಿಯಮದ ಪ್ರಕಾರ 100 ದನಗಳಿಗೆ 12 ಹೆಕ್ಟೇರ್ ಗೋಮಾಳ ಇರಬೇಕು. ಎಷ್ಟು ಊರಲ್ಲಿದೆ? ಒತ್ತುವರಿ ಮಾಡಿದವರಲ್ಲಿ ಇಷ್ಟಲಿಂಗ ಧರಿಸಿ ಮಠದ ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂರುವವರೂ ಇದ್ದಾರೆ. ಅವರಿಗೆ ದಾಸೋಹದ ಅರ್ಥ ಯಾರು ಹೇಳಬೇಕು? ಇನ್ನೊಂದು ಕಡೆ, ಹುಲ್ಲು ಚಿಗುರಲು ಒಂದು ಮಳೆಗಾಲವಾದರೂ ಮೇಯಿಸುವುದನ್ನು ನಿಲ್ಲಿಸಬೇಕು. ಆಗ ಮೊದಲು ಸೋಲುವವನು ಹೊಲವಿಲ್ಲದ ಕುರಿಗಾಹಿ. ಆದ್ದರಿಂದ ಒಮ್ಮೆಗೆ ಕಾಲುಭಾಗವನ್ನಷ್ಟೇ ಬಿಡಬೇಕು. ಯಾವ ಭಾಗ ಎಂಬುದನ್ನು ಕುರಿಗಾಹಿಗಳೇ ಹೇಳಲಿ. ದನ ಕಾಯುವ ಕಾಯಕದ ತುರುಗಾಹಿ ರಾಮಣ್ಣನನ್ನು ಶರಣನೆಂದು ನೆನೆಯುವ ನಾವು, ಇಂದಿನ ದನಗಾಹಿಯನ್ನು ಸಭೆಯ ಹೊರಗೆ ನಿಲ್ಲಿಸುವುದು ಯಾವ ಶರಣತತ್ವ?

ಮಠಗಳು ಮೊದಲು ತಮ್ಮದೇ ಬೀಳು ಜಮೀನಿನಲ್ಲಿ ಒಂದೆರಡು ಎಕರೆ ಮಾಡಿ ತೋರಿಸಲಿ. ಜಾತ್ರೆಗೆ ಕಾಣಿಕೆ ಕೇಳುವಂತೆ ಮನೆಗೊಂದು ಗಾಡಿ ಹತ್ತಿಕಟ್ಟಿಗೆ ಕೇಳಲಿ. ಕಟ್ಟಿಗೆ ಕತ್ತರಿಸುವ ಯಂತ್ರದ ಬಾಡಿಗೆಯನ್ನು ದಾಸೋಹದ ಲೆಕ್ಕದಲ್ಲೇ ಬರೆಯಲಿ. ರೈತರು ಬೆಂಕಿಕಡ್ಡಿ ಗೀರುವ ಮೊದಲು ಮಠಕ್ಕೊಂದು ಫೋನ್ ಮಾಡಲಿ. ಗಾಡಿ ಕಳಿಸುವ ಹೊಣೆ ಮಠದ್ದು.